ಉಳಿದದ್ದು ಒಂದು ಬೆಂಡು

ಕಳೆದ ಶನಿವಾರ ಬೆಳಗ್ಗೆ ಅಟ್ಟದ ಮೇಲಿದ್ದ ಅಜ್ಜಿಯ ತಗಡಿನ ಟ್ರಂಕು ಇಳಿಸಿದೆ. ಒಳಗೆ ಏನೇನಿದೆ ಎಂದು ಪಟ್ಟಿ ಮಾಡುವ ಕೆಲಸ ನನ್ನದು. ಕೌದಿ ಎರಡು, ಹಿತ್ತಾಳೆ ಚೆಂಬು ಒಂದು, ಮುಚ್ಚಳವಿಲ್ಲದ ಕುಂಕುಮದ ಭರಣಿ ಒಂದು ಎಂದು ಬರೆದುಕೊಳ್ಳುತ್ತಾ ತಳಕ್ಕೆ ಕೈ ಹಾಕಿದಾಗ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಏನೋ ಸಿಕ್ಕಿತು. ಕೈಗೆ ಬಂತು, ಆದರೆ ಭಾರವೇ ಇಲ್ಲ. ಮೂಗಿನ ಹತ್ತಿರ ತಂದೆ. ಒಣಗಿದ ಪಾಚಿಯ ವಾಸನೆ, ತೀರಾ ಸಣ್ಣಗೆ... ಬಟ್ಟೆ ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು.

ಕತ್ತಾಳೆಯ ಬೆಂಡು. ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ಅದರ ಉದ್ದನೆಯ ಕಾಂಡವನ್ನು ಕಡಿದು ತುಂಡು ಮಾಡುತ್ತಾರೆ. ಒಳಗೆಲ್ಲ ಹಗುರ, ನೀರಿನಲ್ಲಿ ತೇಲುತ್ತದೆ. ನಮ್ಮ ಕಡೆ ಮಕ್ಕಳು ಈಜು ಕಲಿಯುವುದು ಇಂಥ ತುಂಡುಗಳ ಕಟ್ಟನ್ನು ಬೆನ್ನಿಗೆ ಬಿಗಿದುಕೊಂಡೇ. ನನ್ನ ಕೈಯಲ್ಲಿದ್ದದ್ದು ಒಂದೇ ತುಂಡು, ಮೊಣಕೈಯಷ್ಟು ಉದ್ದ. ಅದರ ಸುತ್ತ ನಾರಿನ ಹಗ್ಗ, ಹಗ್ಗಕ್ಕೆ ಒಂದು ಗಂಟು. ಗಂಟು ಹಾಕಿದವಳು ಕುರುಗೋಡಿನ ಹಿತ್ತಲಮನೆ ಅತ್ತೆ.

ಅತ್ತೆ ಎಂದರೆ ನಂಟಿನವಳಲ್ಲ. ಅಜ್ಜಿಯ ಮನೆಯ ಹಿತ್ತಲಿಗೆ ಅವಳ ಮನೆಯ ಬಾಗಿಲು, ಅದಕ್ಕೇ ಆ ಹೆಸರು. ಬೇಸಿಗೆ ರಜೆಯಲ್ಲಿ ನನ್ನನ್ನು ಬಳ್ಳಾರಿಯಿಂದ ಕುರುಗೋಡಿಗೆ ಕಳಿಸುತ್ತಿದ್ದರು. ನನಗಾಗ ಹನ್ನೊಂದು. ಅಪ್ಪನ ಆಫೀಸಿನಿಂದ ಬಂದ ಒಂದು ಡೈರಿ ಸಿಕ್ಕಿತ್ತು, ಅದರಲ್ಲಿ ದಿನಾ ಏನನ್ನಾದರೂ ಎಣಿಸಿ ಬರೆಯುತ್ತಿದ್ದೆ. ತಿಂದ ಮಾವಿನಹಣ್ಣು, ಓಣಿಯ ನಾಯಿಗಳು, ಕರೆಂಟು ಹೋದ ಸಲ. ನನ್ನ ತೂಕ ಇಪ್ಪತ್ತೇಳು ಕೆಜಿ ಎಂಬುದು ಕೂಡ ಅದರಲ್ಲಿದೆ.

ಊರಾಚೆ ಮೆಟ್ಟಿಲಿದ್ದ ಒಂದು ದೊಡ್ಡ ಬಾವಿ ಇತ್ತು. ವಾರವೆಲ್ಲ ಅದು ಗಂಡುಹುಡುಗರದು. ಶನಿವಾರ ಬೆಳಗ್ಗೆ ಮಾತ್ರ ಹೆಂಗಸರು ಕೌದಿ ಒಗೆಯಲು ಬರುತ್ತಿದ್ದರು. ಮೋಟಾರಿನ ನೀರು ಬೀಳುವ ತೊಟ್ಟಿಯ ಪಕ್ಕದಲ್ಲಿ ಬಂಡೆಗಲ್ಲುಗಳು, ಅವುಗಳ ಮೇಲೆ ನೆನೆದ ಕೌದಿಗಳನ್ನು ಬಡಿಯುವ ಸದ್ದು. ಬಿಸಿಲು ಬಾವಿಯ ಐದನೆಯ ಮೆಟ್ಟಿಲಿಗೆ ಇಳಿಯುವ ತನಕ ಹುಡುಗರು ಆ ಕಡೆ ಸುಳಿಯುವಂತಿರಲಿಲ್ಲ. ಗಡಿಯಾರದ ಮಾತಲ್ಲ, ಬಿಸಿಲಿನದೇ ಲೆಕ್ಕ.

ನಾನು ದಂಡೆಯ ಮೇಲೆ ಕುಳಿತು ನೀರಿನ ಮೇಲೆ ಕಾಣುವ ಮೆಟ್ಟಿಲುಗಳನ್ನು ಎಣಿಸುತ್ತಿದ್ದೆ. ಕೆಳಗೆ ಇಳಿಯುತ್ತಿರಲಿಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ ಪಾಚಿಯ ಮೇಲೆ ಕಾಲು ಜಾರಿ ಒಳಗೆ ಬಿದ್ದಿದ್ದೆ. ಜಡೆ ಹಿಡಿದು ಮೇಲೆ ಎಳೆದವಳು ಇದೇ ಅತ್ತೆ. ಅಂದಿನಿಂದ ನನಗೆ ತಲೆಯ ಮೇಲೆ ನೀರು ಬಿದ್ದರೆ ಉಸಿರು ಕಟ್ಟುತ್ತಿತ್ತು. ಎರೆದುಕೊಳ್ಳುವ ದಿನ ಅವ್ವ ಚೆಂಬು ಎತ್ತಿದರೆ ಚೀರುತ್ತಿದ್ದೆ. ಒಂದು ವರ್ಷ ನಾನೇ ಸಣ್ಣ ಲೋಟದಲ್ಲಿ ಒಂದೊಂದೇ ಲೋಟ ಸುರಿದುಕೊಂಡು ತಲೆ ತೊಳೆದುಕೊಂಡಿದ್ದೆ. ಸರಾಸರಿ ಅರವತ್ತೆರಡು ಲೋಟ.

ರಜೆಯ ಮೊದಲ ಶನಿವಾರ ಅತ್ತೆ ಕೌದಿ ಹಿಂಡುತ್ತಾ ನನ್ನ ಕಡೆ ನೋಡಿದಳು.

“ಏನವಾ ಶಾನಭೋಗರ, ಎಷ್ಟು ಮೆಟ್ಲು?”

“ಒಂಬತ್ತು ಅತ್ತಿ.”

“ಎಣಿಸೋದು ಆತು. ಇಳಿಯೋದು ಯಾವಾಗ?”

ಉಳಿದ ಹೆಂಗಸರು ನಕ್ಕರು. ಅಜ್ಜಿಗೆ ಮಾತ್ರ ಸಿಟ್ಟು ಬಂತು. “ಹೆಣ್ಣುಹುಡುಗಿ ಈಜು ಕಲ್ತು ಏನು ಮಾಡೋದೈತಿ? ಸುಮ್ನಿರು ನೀನು.”

“ಹೋದ ವರ್ಷ ಮುಳುಗಾಕ ಹತ್ತಿದ್ದಳಲ್ಲ, ಆವಾಗ ಹೆಣ್ಣುಹುಡುಗಿ ಅಂತ ಬಾವಿ ಕೇಳಿತ್ತೇನಬೇ?” ಎಂದಳು ಅತ್ತೆ.

ಅಜ್ಜಿ ಕೌದಿಯನ್ನು ಎರಡು ಸಲ ಜೋರಾಗಿ ಬಡಿದಳು. ಒಪ್ಪಿಗೆ ಅಷ್ಟೇ. ಅವ್ವನಿಗೆ ಗೊತ್ತಾಗಬಾರದು ಎಂಬ ಕರಾರು ಆಮೇಲೆ ಬಂತು.

ಅತ್ತೆ ಸಿರುಗುಪ್ಪದ ಆಚೆಯ ರಾರಾವಿಯ ಮಗಳು, ಹೊಳೆದಂಡೆಯಲ್ಲಿ ಬೆಳೆದವಳು. ಸೀರೆಯನ್ನು ಕಚ್ಚೆ ಹಾಕಿ ನೀರಿಗೆ ಇಳಿದರೆ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಕೈ ಬೀಸಿನಲ್ಲಿ ಮುಟ್ಟುತ್ತಿದ್ದಳು. ನನ್ನ ಬೆನ್ನಿಗೆ ಆರು ಬೆಂಡು ಕಟ್ಟಿದಳು. ಕಟ್ಟುವಾಗಲೇ ತನ್ನ ಕಟ್ಟಳೆಯನ್ನೂ ಹೇಳಿದಳು.

“ಕಟ್ಟೋದು ನಾನು, ಬಿಚ್ಚೋದು ನೀನು. ವಾರಕ್ಕೊಂದು. ಹೆದರಿಕಿ ಹೋದ ಮ್ಯಾಲೆ ಬಿಚ್ಚು, ಇಲ್ಲಾಂದ್ರ ಬ್ಯಾಡ. ಬಿಚ್ಚುವಾಗ ದಪ್ಪದ್ದು ಮೊದಲು.”

ದಪ್ಪದ್ದು ಮೊದಲು ಯಾಕೆ ಎಂದು ಕೇಳಿದೆ. ಸಣ್ಣದನ್ನು ಮೊದಲು ತೆಗೆದರೆ ಧೈರ್ಯ ನಿಧಾನವಾಗಿ ಬರುತ್ತದಲ್ಲ ಎಂಬುದು ನನ್ನ ವಾದ. “ಲೆಕ್ಕ ನಿಂದು, ನೀರು ನಂದು,” ಎಂದಳು. ಮಾತು ಮುಗಿಯಿತು.

ಮೊದಲ ಎರಡು ಶನಿವಾರ ಆರೂ ಬೆಂಡು ಬೆನ್ನ ಮೇಲೆಯೇ ಇದ್ದವು. ಮೂರನೆಯ ಶನಿವಾರ ಐದು. ಅತ್ತೆ ಎದೆಮಟ್ಟದ ನೀರಿನಲ್ಲಿ ನಿಂತು, ನನ್ನ ಗದ್ದದ ಕೆಳಗೆ ಅಂಗೈ ಇಟ್ಟು, ತೆಲುಗಿನಲ್ಲಿ ಎಣಿಸುತ್ತಿದ್ದಳು: ಒಕಟಿ, ರೆಂಡು, ಮೂಡು... ಪ್ರತಿ ಎಣಿಕೆಗೆ ಒಂದು ಬೀಸು. ತಪ್ಪಿದರೆ ಮತ್ತೆ ಒಕಟಿಯಿಂದ. ನೀರು ಕುಡಿದು ಕೆಮ್ಮಿದರೆ ಎತ್ತುತ್ತಿರಲಿಲ್ಲ, ಕಾಯುತ್ತಿದ್ದಳು. ಕೆಮ್ಮು ನಿಂತ ಮೇಲೆ, “ಬಾವಿ ಖಾಲಿ ಮಾಡಿದಿ ಅಂದ್ರ ಕೌದಿ ಒಗಿಯೋದು ಎಲ್ಲಿ?” ಎಂದು ಕೇಳುತ್ತಿದ್ದಳು.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ನಾನು ಬರೆಯುತ್ತೇನೆಂದು ಗೊತ್ತಾದ ಮೇಲೆ ಒಂದು ರೂಢಿ ಮಾಡಿದಳು. ನೀರಿಗಿಳಿಯುವ ಮುಂಚೆ ಹಿಂದಿನ ಶನಿವಾರದ ಪುಟವನ್ನು ಹೆಂಗಸರೆಲ್ಲರ ಎದುರಿಗೆ ಓದಬೇಕು. ಬಡಿಯುವ ಸದ್ದು ನಿಲ್ಲುತ್ತಿತ್ತು. “ಮೆಟ್ಟಿಲು ಹತ್ತು. ಬೆಂಡು ಐದು. ಕುಡಿದ ನೀರು ನಾಲ್ಕು ಗುಟುಕು.” ಅಷ್ಟೇ ಇರುತ್ತಿತ್ತು. ಆದರೂ ಅವರು ಪುರಾಣ ಕೇಳುವಂತೆ ಕೇಳುತ್ತಿದ್ದರು.

ನಾಲ್ಕನೆಯ ಶನಿವಾರ ನಾನು ಬಿಚ್ಚಲಿಲ್ಲ. ಗಂಟಿನ ಮೇಲೆ ಕೈ ಇಟ್ಟೆ, ಜಡೆ ಹಿಡಿದು ಎಳೆದ ದಿನದ ನೀರು ಮೂಗಿಗೆ ಬಂದಂತಾಯಿತು, ಕೈ ತೆಗೆದೆ. ಐದೇ ಬೆಂಡುಗಳಲ್ಲಿ ಈಜಿದೆ. ಮನೆಗೆ ಬಂದು ಡೈರಿಯಲ್ಲಿ “ಬೆಂಡು ನಾಲ್ಕು” ಎಂದು ಬರೆದೆ. ಮುಂದಿನ ವಾರ ಎಲ್ಲರ ಮುಂದೆ ಓದಬೇಕಲ್ಲ... ಅದುವರೆಗೆ ನಾನು ಸುಳ್ಳು ಲೆಕ್ಕ ಬರೆದಿರಲಿಲ್ಲ.

ಐದನೆಯ ಶನಿವಾರ ಓದಿದೆ. ಹೆಂಗಸರು ತಲೆಯಾಡಿಸಿದರು. ಅತ್ತೆ ನನ್ನ ಬೆನ್ನ ಹಿಂದೆ ನಿಂತು ಕಟ್ಟು ಬಿಗಿಯುತ್ತಿದ್ದಳು. ಅವಳ ಹೆಬ್ಬೆರಳು ಬೆಂಡುಗಳ ಮೇಲೆ ಒಂದೊಂದಾಗಿ ಹಾದುಹೋದದ್ದು ಗೊತ್ತಾಯಿತು. ಒಂದು, ಎರಡು, ಮೂರು, ನಾಲ್ಕು. ಐದು. ನಾನು ಬಾವಿಯ ನೀರನ್ನೇ ನೋಡುತ್ತಾ ನಿಂತೆ. ಈಗ ಎಲ್ಲರಿಗೂ ಹೇಳುತ್ತಾಳೆ ಅಂದುಕೊಂಡೆ.

ಅವಳು ಕಿವಿಯ ಹತ್ತಿರ ಬಾಗಿ, ನನಗಷ್ಟೇ ಕೇಳುವಂತೆ ಹೇಳಿದಳು: “ಬರ್ದಿದ್ದು ಅಳಿಸಬ್ಯಾಡ. ಬರ್ದಂಗ ಮಾಡು.”

ಒಂದು ಬಿಚ್ಚಿದೆ, ನಾಲ್ಕಾಯಿತು. ನೀರಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುತ್ತಿದ್ದಾಗ, “ಅದು ಹೋದ ವಾರದ್ದು. ಇವತ್ತಿನದು?” ಎಂದಳು. ಇನ್ನೊಂದನ್ನೂ ಬಿಚ್ಚಿದೆ. ಆ ದಿನದ ಪುಟದಲ್ಲಿ ಬೆಂಡು ಮೂರು, ಮೆಟ್ಟಿಲು ಹನ್ನೆರಡು. ಗೆರೆಯ ಕೆಳಗೆ ಇನ್ನೊಂದು ಸಾಲು ಇದೆ: “ಅತ್ತೆ ಯಾರಿಗೂ ಹೇಳಲಿಲ್ಲ.”

ಆರನೆಯ ಶನಿವಾರ ಎರಡಾದವು. ಏಳನೆಯದು ಕೊನೆಯದು, ಅದೇ ಮಧ್ಯಾಹ್ನ ನಾನು ಬಳ್ಳಾರಿಯ ಬಸ್ಸು ಹತ್ತಬೇಕಿತ್ತು. ಆ ಬೆಳಗ್ಗೆ ಮೊದಲೇ ಒಂದನ್ನು ಬಿಚ್ಚಿದೆ. ಉಳಿದ ಒಂದನ್ನು ಅತ್ತೆ ಹಗ್ಗದಲ್ಲಿ ಸುತ್ತಿ, ನನ್ನ ಸೊಂಟಕ್ಕೆ ಬಿಗಿದು ಗಂಟು ಹಾಕಿದಳು. ಕೈ ಬಿಟ್ಟಳು. ಗೋಡೆಯಿಂದ ಗೋಡೆಗೆ ಇಪ್ಪತ್ತಮೂರು ಬೀಸು. ಆಚೆಯ ಕಲ್ಲು ಮುಟ್ಟಿ ತಿರುಗಿ ನೋಡಿದರೆ ಹೆಂಗಸರೆಲ್ಲ ಬಾವಿಯ ಅಂಚಿಗೆ ಬಂದು, ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನಾನು ಮುಳುಗುತ್ತೇನೆಂದು ಹೆದರಿದ್ದಾರೆ ಅಂದುಕೊಂಡೆ.

ಈಜಿ ಈಚೆ ಬಂದೆ. ಇನ್ನು ಆ ಒಂದನ್ನು ಬಿಚ್ಚಬೇಕು. ಗಂಟು ಹಿಡಿದೆ. ಬಿಸಿಲು ನಾಲ್ಕನೆಯ ಮೆಟ್ಟಿಲಿನಲ್ಲಿತ್ತು. ಬಿಸಿಲು ಐದನೆಯದಕ್ಕೆ ಬಂತು, ದೂರದಲ್ಲಿ ಹುಡುಗರ ಕೇಕೆ ಕೇಳಿಸಿತು. ನನಗೆ ಆಗಲಿಲ್ಲ. ಅಳು ಬಂತು.

“ಯಾಕ ಅಳ್ತಿ? ಓಡಿ ಹೋಗತೈತೇನು ಅದು?” ಎಂದು ಅತ್ತೆ ಗಂಟು ಬಿಚ್ಚದೆ ಹಗ್ಗವನ್ನು ಹಾಗೇ ನನ್ನ ಸೊಂಟದಿಂದ ಕೆಳಗೆ ಜಾರಿಸಿ, ಬೆಂಡನ್ನು ನನ್ನ ಕೈಗೆ ಕೊಟ್ಟಳು. “ತಗೊಂಡು ಹೋಗು. ಬರೋ ಬ್ಯಾಸಗಿಗೆ ತಗೊಂಡು ಬಾ. ನೀನ ಬಿಚ್ಚಬೇಕು, ಮತ್ತ ನಾನು ಮುಟ್ಟಂಗಿಲ್ಲ.”

ಬಳ್ಳಾರಿಗೆ ಬಂದ ಮಾರನೆಯ ಬೆಳಗ್ಗೆ ಅವ್ವ ನನ್ನ ತಲೆಯ ಮೇಲೆ ತುಂಬಿದ ಚೆಂಬು ಸುರಿದಳು. ನಾನು ಚೀರಲಿಲ್ಲ. ಅವ್ವ ಚೆಂಬು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಡೈರಿಯಲ್ಲಿ ಅದಕ್ಕೆ ಎರಡೇ ಪದ: “ಚೆಂಬು. ಏಳು.”

ಬರುವ ಬೇಸಿಗೆ ಬರಲಿಲ್ಲ. ಅಂದರೆ ಬೇಸಿಗೆ ಬಂತು, ನಾನು ಹೋಗಲಿಲ್ಲ. ಅಜ್ಜಿಯ ಮೊಣಕಾಲು ಕೆಟ್ಟು ಅವಳೇ ನಮ್ಮ ಕಂಟೋನ್ಮೆಂಟಿನ ಮನೆಗೆ ಬಂದಳು, ಟ್ರಂಕೂ ಅವಳ ಜೊತೆಗೆ ಬಂತು. ಬೆಂಡನ್ನು ಅದರಲ್ಲಿ ಇಟ್ಟವಳು ಅವಳೇ ಇರಬೇಕು. ಕುರುಗೋಡು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಆದರೂ ಹೋಗಲಿಲ್ಲ. ಇದಕ್ಕೆ ನನ್ನ ಯಾವ ಡೈರಿಯಲ್ಲೂ ಕಾರಣವಿಲ್ಲ.

ಎರಡು ವರ್ಷದ ಹಿಂದೆ ಸಿರುಗುಪ್ಪದಲ್ಲಿ ಕೆಲಸಕ್ಕೆ ಸೇರಿದೆ. ಒಂದು ದಿನ ಕೆಲಸದ ಮೇಲೆ ರಾರಾವಿಗೆ ಹೋದಾಗ ಹೊಳೆಯನ್ನು ನೋಡಿದೆ. ಅತ್ತೆಯ ಹೊಳೆ. ನೀರಿನ ನಡುವೆ ತಲೆ ಎತ್ತಿದ್ದ ಬಂಡೆಗಳನ್ನು ಎಣಿಸಿಕೊಂಡೆ, ಅವಳಿಗೆ ಹೇಳಲು. ಸಂಜೆ ಮನೆಗೆ ಬಂದು ಅಜ್ಜಿಗೆ, ಈ ಭಾನುವಾರ ಕುರುಗೋಡಿಗೆ ಹೋಗಿ ಅತ್ತೆಯನ್ನು ಮಾತಾಡಿಸಿ ಬರುತ್ತೇನೆ ಎಂದೆ.

ಅಜ್ಜಿ ಕಾಳು ಆರಿಸುತ್ತಿದ್ದ ಕೈ ನಿಲ್ಲಿಸಿದಳು. “ಆಕಿ ಹೋಗಿ ಭಾಳ ದಿನ ಆತಲ್ಲವಾ. ನಿನಗ ಹೇಳಿಲ್ಲೇನು ನಾನು?”

“ಯಾವಾಗಬೇ?”

“ಯಾವಾಗಂತ ಹೇಳಲಿ... ಮಳಿಗಾಲಕ್ಕ ಮುಂಚೆ. ಕೌದಿ ಒಗಿಯೋ ದಿನದಾಗ ಅಂತ ಅಂದ್ರು.”

ನನ್ನ ಬಳಿ ಹದಿಮೂರು ವರ್ಷದ ಡೈರಿಗಳಿವೆ. ಅವುಗಳಲ್ಲಿ ಯಾವುದೋ ಒಂದು ಪುಟ ಅತ್ತೆ ಹೋದ ದಿನದ್ದು. ಆ ದಿನವೂ ನಾನು ಏನನ್ನೋ ಎಣಿಸಿ ಬರೆದಿದ್ದೇನೆ. ಯಾವ ಪುಟ ಎಂದು ಮಾತ್ರ ಗೊತ್ತಿಲ್ಲ...

ಕಳೆದ ಶನಿವಾರ ಬೆಂಡನ್ನು ಹಿಡಿದು ತುಂಬಾ ಹೊತ್ತು ಕುಳಿತಿದ್ದೆ. ನೆನಪಿನಲ್ಲಿ ಅದು ತೋಳಿನಷ್ಟು ದಪ್ಪ ಇತ್ತು. ಕೈಯಲ್ಲಿರುವುದು ಚಪಾತಿ ಲಟ್ಟಣಿಗೆಗಿಂತ ಸಣ್ಣದು. ಅನುಮಾನ ಬಂದರೆ ಅಳೆದು ನೋಡುವುದು ನನ್ನ ಸ್ವಭಾವ. ಬಚ್ಚಲಿನ ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿದೆ. ಮುಂಬಾಗಿಲಿನ ಕಬ್ಬಿಣದ ಬೀಗವನ್ನು ಒಂದು ದಾರದಿಂದ ಬೆಂಡಿಗೆ ಕಟ್ಟಿ ನೀರಿಗೆ ಬಿಟ್ಟೆ.

ಮುಳುಗಿತು. ಬೀಗ ತಳಕ್ಕೆ ಹೋಯಿತು, ಬೆಂಡು ಅದರ ಹಿಂದೆಯೇ ಹೋಯಿತು.

ಮತ್ತೊಮ್ಮೆ ಬಿಟ್ಟೆ. ಮತ್ತೆ ಮುಳುಗಿತು. ಒಂದು ಬೀಗವನ್ನು ತೇಲಿಸಲಾರದ ಬೆಂಡು ಇಪ್ಪತ್ತೇಳು ಕೆಜಿಯ ಹುಡುಗಿಯನ್ನು ಹೇಗೆ ಹಿಡಿದಿತ್ತು? ಹಿಡಿದಿರಲೇ ಇಲ್ಲ. ದಪ್ಪದ್ದು ಮೊದಲು ಬಿಚ್ಚು ಎಂದು ಅವಳು ಹೇಳಿದ್ದು ಇದಕ್ಕೆ.

ಅಜ್ಜಿ ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದಳು. ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನಿನಗೊಬ್ಬಾಕಿಗೆ ಗೊತ್ತಿರಲಿಲ್ಲ ನೋಡು. ಆ ಕಡ್ಡಿ ಕಟಗೊಂಡು ನೀನು ಈಜೋದು ನೋಡಿ ನಾವೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಗತಿದ್ವಿ. ‘ಯಾರೂ ಬಾಯಿ ಬಿಡಬ್ಯಾಡ್ರಿ, ಆಕಿ ತಾನ ಬಿಚ್ಚಲಿ’ ಅಂತ ಆಣಿ ಹಾಕಿದ್ಲು.”

ಹಾಗಾದರೆ ಅವಳು ಕಾದಿದ್ದಾಳೆ. ಒಂದು ಬೇಸಿಗೆ, ಇನ್ನೊಂದು ಬೇಸಿಗೆ, ಶನಿವಾರ ಬೆಳಗ್ಗೆ ಕೌದಿ ಹಿಂಡುತ್ತಾ ದಾರಿಯ ಕಡೆ ನೋಡಿರಬಹುದು. ಇಲ್ಲದೆಯೂ ಇರಬಹುದು, ನೋಡಿದ್ದಳು ಎಂದು ಬರೆಯಲು ನನಗೆ ಆಧಾರವಿಲ್ಲ. ಆದರೆ ನಾನು ಆ ಬೆಂಡನ್ನು ವಾಪಸ್ಸು ತೆಗೆದುಕೊಂಡು ಹೋಗಲಿಲ್ಲ ಎಂಬುದು ಖಚಿತ. ಅವಳು ನಗುವುದನ್ನು ನೋಡುವ ಒಂದು ಬೆಳಗು ನನಗೆ ತಪ್ಪಿತು.

ಹಳೆಯ ಡೈರಿ ತೆಗೆದು ಏಳನೆಯ ಶನಿವಾರದ ಪುಟ ನೋಡಿದೆ. “ಮೆಟ್ಟಿಲು ಹದಿನಾಲ್ಕು. ಬೆಂಡು ಒಂದು.” ಹೊಡೆದು ಹಾಕಿ ಸೊನ್ನೆ ಬರೆಯೋಣ ಎಂದು ಪೆನ್ನು ಎತ್ತಿದವಳು ನಿಂತೆ. ಬರ್ದಿದ್ದು ಅಳಿಸಬ್ಯಾಡ. ಬರ್ದಂಗ ಮಾಡು ಎನ್ನಲು ಈಗ ಅವಳಿಲ್ಲ, ಮಾಡುವುದಕ್ಕೆ ಬಾವಿಯೂ ಇಲ್ಲ. ಅದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದಾರಂತೆ.

ಆದರೆ ಗಂಟು ಇತ್ತು.

ಬೀಗವನ್ನು ಬಿಡಿಸಿ ಪಕ್ಕಕ್ಕಿಟ್ಟೆ. ನೀರಿನಲ್ಲಿ ನೆನೆದು ಹಗ್ಗ ಇನ್ನೂ ಬಿಗಿದಿತ್ತು. ಅವಳ ಕೈಯ ಗಂಟು ಇದೊಂದೇ ಉಳಿದಿರುವುದು, ಬಿಚ್ಚಿದರೆ ಅದೂ ಇಲ್ಲ ಎಂದು ಸ್ವಲ್ಪ ಹೊತ್ತು ಕೈ ತಡೆಯಿತು. ಆಮೇಲೆ ಬಿಚ್ಚಿದೆ. ಹನ್ನೊಂದು ನಿಮಿಷ ಹಿಡಿಯಿತು. ಬೆಂಡು ಕಳಚಿ ಬಕೆಟ್ಟಿಗೆ ಬಿದ್ದು ತೇಲಿತು. ಹಗ್ಗ ನೇರವಾಗಲಿಲ್ಲ. ಹನ್ನೊಂದು ವರ್ಷದ ಹುಡುಗಿಯ ಸೊಂಟದಷ್ಟು ದುಂಡಗೆ, ಹಾಗೇ ನನ್ನ ಅಂಗೈ ಮೇಲೆ ಕುಳಿತಿತ್ತು.

ಈ ವರ್ಷದ ಡೈರಿಯಲ್ಲಿ ಅಂದಿನ ಪುಟಕ್ಕೆ ಬರೆದೆ: ಶನಿವಾರ, ಬೆಳಗ್ಗೆ. ಬೆಂಡು ಇಲ್ಲ. ಬಿಚ್ಚಿದವಳು ನಾನೇ, ಅತ್ತಿ.