ಯಲ್ಲವ್ವ ಅಳಂಬಿಯ ಬೇರು ಗುರುತಿಸಿದಳು

ವಿಷದ ಅಣಬೆ ತಿಂದು ಎರಡು ದಿನ ವಾಂತಿ ಮಾಡಿಕೊಂಡವರು ನಾಸಿಕ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಯಾದಗಿರಿ ಕಡೆಯ ಐವರು ಹೆಂಗಸರು. ಬೈಗುಳ ಉಂಡವಳು ಅಡುಗೆ ಮಾಡಿದ ಯಲ್ಲವ್ವ. ಅವರನ್ನು ತಗಡಿನ ಶೆಡ್ಡಿನಲ್ಲಿಟ್ಟ ಗುತ್ತಿಗೆದಾರನಿಗಾಗಲಿ, ಎಚ್ಚರಿಕೆಯನ್ನು ಮರಾಠಿಯಲ್ಲಷ್ಟೇ ಅಂಟಿಸಿದ ಅರಣ್ಯ ಕಚೇರಿಗಾಗಲಿ ಹೊಟ್ಟೆ ನೋಯಲಿಲ್ಲ.

ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಬಂದ ನಾನು ಭಾನುವಾರ ಆ ಶೆಡ್ಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಅಣಬೆಯೊಡನೆ ಅರಿಶಿಣ ಕುದಿಸಿದಾಗ ಬಣ್ಣ ತಿರುಗದಿದ್ದರೆ ವಿಷವಿಲ್ಲವೆಂಬುದು ಯಲ್ಲವ್ವನ ನಂಬಿಕೆ. ಓದಿದವಳಾದ ನಾನೂ ಅದನ್ನೇ ನಂಬಿದ್ದೆ. ಆ ತಪ್ಪಿನಲ್ಲಿ ನನಗೂ ಪಾಲಿದೆ. ಹೆಂಗಸರು ಅವಳ ಕೈಯ ನೀರನ್ನೂ ಮುಟ್ಟದಾದರು.

ಮುಂದಿನ ಮಳೆಗಾಲ ನಾವಿಬ್ಬರೂ ತ್ರ್ಯಂಬಕದ ಕಾಡಂಚಿನ ಹೀರಾಬಾಯಿಯ ಬೆನ್ನುಹತ್ತಿದೆವು. ಹುಟ್ಟಿದಂದಿನಿಂದ ಅಣಬೆ ಆಯ್ದವಳು ಆಕೆ. ನಮ್ಮ ಅಣಬೆ ಇಲ್ಲಿ ಅಳಂಬಿ. ಹುತ್ತದ ಬಳಿ ಕೂತು, "ತಾಈ, ಮೂಳ ಬಘ ಆಧೀ" ಎಂದಳು: ಅಕ್ಕಾ, ಮೊದಲು ಬೇರು ನೋಡು. ಮೆಲ್ಲಗೆ ಅಗೆದಳು. ಮೊನಚು ನೆತ್ತಿಯ ಆ ಅಣಬೆಯ ಬೇರು ಮೊಳದುದ್ದ ಇಳಿದು ಗೆದ್ದಲಿನ ಗೂಡು ಮುಟ್ಟಿತ್ತು. ಕಾಂಡಕ್ಕೆ ಉಂಗುರವಿರಲಿಲ್ಲ.

ಹಿಂದಿರುಗುವಾಗ ಹುಲ್ಲಿನಲ್ಲಿ ಬೆಳ್ಳಗಿನ, ಅಗಲ ಕೊಡೆಯ ಅಣಬೆಯೊಂದು ಕಂಡಿತು. ಯಲ್ಲವ್ವ ತಾನೇ ಕಿತ್ತಳು. ಬೇರಿಲ್ಲ, ಕಾಂಡಕ್ಕೆ ಉಂಗುರ. ಕೊಡೆ ಮಗುಚಿದಳು, ಒಳಪದರು ಹಸಿರುಗಟ್ಟಿತ್ತು.

"ಅಕ್ಕಾರ, ಇಕೀನ ನೋಡ್ರಿ, ನನ್ನ ಮಾನ ಕಳದಾಕಿ!" ಎಂದು ಎಸೆದಳು. ಭಾಷೆ ತಿಳಿಯದ ಹೀರಾಬಾಯಿ ಅವಳ ಬೆನ್ನು ತಟ್ಟಿ ನಕ್ಕಳು. ನನಗೆ ಕುಣಿಯಬೇಕೆನಿಸಿತು.

ನಮ್ಮೊಡನೆ ಶೆಡ್ಡಿಗೆ ಬಂದ ಹೀರಾಬಾಯಿ ಒಂದೊಂದನ್ನೂ ನೋಡಿ ಒಪ್ಪಿದ ಮೇಲೆಯೇ ಅಳಂಬಿ ಒಲೆ ಏರಿತು. ಮೊದಲ ತುತ್ತು ಅವಳದು, ಎರಡನೆಯದು ಯಲ್ಲವ್ವನದು. ಹೆಂಗಸರು ದೂರ ನಿಂತಿದ್ದರು. ಕೊನೆಗೆ, ಹೋದ ವರ್ಷ ಹೆಚ್ಚು ನರಳಿದ್ದ ಗಂಗವ್ವ ತಾಟು ಚಾಚಿದಳು.

"ಅರಿಶಿಣ ಹಾಕೀಯೇನ ಮತ್ತ?"

"ಹಾಕೇನಿ ತಗೋ. ಬಣ್ಣಕ್ಕ, ಸಾಕ್ಷಿಗಲ್ಲ!"

ಶೆಡ್ಡೆಲ್ಲ ನಗೆ, ತಾಟಿನ ಹಿಂದೆ ತಾಟು. ನನ್ನ ಬಾಯಲ್ಲಿ ಬಳ್ಳೊಳ್ಳಿ ಖಾರದ ಊರು, ಕಾಲಲ್ಲಿ ತ್ರ್ಯಂಬಕದ ಕೆಸರು. ಎಲ್ಲಿಯವಳೆಂದು ಕೇಳಿದರೆ ಈಗ ಒಂದೇ ಉತ್ತರ ಸಾಲದು.

ಅರಣ್ಯಾಧಿಕಾರಿಗಳೇ, ಇದರ ಮರಾಠಿ ಪ್ರತಿ ನಿಮಗೂ ಕಳಿಸುತ್ತಿದ್ದೇನೆ. ಮೊದಲ ಮಳೆಗೆ ಮುನ್ನ ಹೀರಾಬಾಯಿಯನ್ನು ಸಂಬಳದ ಗುರುವಾಗಿ ನೇಮಿಸಿ; ಮಾತು ತಿಳಿಸಲು ಯಲ್ಲವ್ವನ ಜೊತೆಗೆ ಕನ್ನಡ, ಮರಾಠಿ ಎರಡೂ ಬಲ್ಲವರನ್ನು ಕೊಡಿ; ಪ್ರತಿ ಕಟ್ಟಡದ ಶೆಡ್ಡಿಗೂ ಅವರನ್ನು ಕಳಿಸಿ.