ಬಾಕ್ಸಿಂಗ್ ಮಾಸ್ತರರ ನಡುಗುವ ಕೈ

ಹೋದ ವಾರ ದಿಂಬಿನ ಚೀಲ ಹೊಲಿಸಲೆಂದು ಗರಗದ ಖಾದಿ ತಂದೆ. ಹೊಸ ಬಟ್ಟೆಯನ್ನು ನೆನೆಸಿ, ಗಂಜಿ ಬಿಡಿಸಿ, ಒಣಗಿಸಿದ ಮೇಲೆಯೇ ದರ್ಜಿಗೆ ಕೊಡುವುದು ನನ್ನ ರೂಢಿ. ಬಕೆಟ್ಟಿನಿಂದ ಹಸಿ ನೂಲಿನ, ಹುಳಿ ಗಂಜಿಯ ವಾಸನೆ ಎದ್ದಿತು... ಕೈ ಹಾಗೆಯೇ ನಿಂತಿತು. ಹಳೇ ಹುಬ್ಬಳ್ಳಿಯ ಅರಳೆ ಗೋದಾಮು, ಅಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಖಾದಿ ಪಟ್ಟಿಗಳು, ಅವುಗಳ ಕೆಳಗೆ ನಿಂತ ಬಾಕ್ಸಿಂಗ್ ಮಾಸ್ತರರು ಕಣ್ಣ ಮುಂದೆ ಬಂದರು.

ಮಾಸ್ತರರು ಗರಗದ ನೇಕಾರರ ಮನೆಯವರು. ಸೈನ್ಯಕ್ಕೆ ಸೇರಿ, ಅಲ್ಲಿ ಬಾಕ್ಸಿಂಗ್ ಕಲಿತು, ರಾಜ್ಯದ ಚಾಂಪಿಯನ್ ಆದವರು. ಚಪ್ಪಟೆಯಾದ ಮೂಗು, ಒಂದು ಡಬ್ಬಿ ತುಂಬ ಪದಕ ತೆಗೆದುಕೊಂಡು ಮರಳಿ, ಪಾಳು ಬಿದ್ದ ಗೋದಾಮಿನಲ್ಲಿ ಹುಡುಗ ಹುಡುಗಿಯರಿಗೆ ಕಲಿಸತೊಡಗಿದರು. ಗ್ಲೌಸಿನೊಳಗೆ ಮುಷ್ಟಿಗೆ ಸುತ್ತುವ ಪಟ್ಟಿಗೆ ಅಂಗಡಿಯ ಮಾಲು ಅವರಿಗೆ ಸೇರುತ್ತಿರಲಿಲ್ಲ. ಊರಿನ ಖಾದಿಯನ್ನೇ ಉದ್ದಕ್ಕೆ ಸೀಳಿಸುತ್ತಿದ್ದರು. ಬೆವರು ಹೀರುತ್ತದೆ, ಜಾರುವುದಿಲ್ಲ ಎನ್ನುತ್ತಿದ್ದರು. ಅವರದೊಂದು ಕಟ್ಟುಪಾಡಿತ್ತು. ಮೊದಲ ಪಂದ್ಯದ ದಿನ ಆ ಪಟ್ಟಿಯನ್ನು ತಾಯಿಯೇ ಕಟ್ಟಬೇಕು. ತಾಯಿ ಇಲ್ಲದವರಿಗೆ ಮನೆಯ ಹಿರಿಯರು. ಅದಾಗದಿದ್ದರೆ ಎಂಥ ಹುರಿಯಾಳನ್ನೂ ಅವರು ರಿಂಗ್ ಹತ್ತಿಸುತ್ತಿರಲಿಲ್ಲ.

ನಾನು ಆಗ ಆಸ್ಪತ್ರೆಯಲ್ಲಿ ಸಿಸ್ಟರ್. ಕಮರಿಪೇಟೆಯ ನಮ್ಮ ಮನೆಯಲ್ಲೂ ವಾರ್ಡಿನದೇ ಶಿಸ್ತು. ಮಗಳು ಕಾಲೇಜಿಗೆ ಸೇರಿದ ವರ್ಷವೇ ಮಾಸ್ತರರ ಬಳಿ ಹೋಗತೊಡಗಿದಳು. ಹೊತ್ತಿಗೆ ಸರಿಯಾಗಿ ಏಳುವುದು, ಓಡುವುದು, ಹಿತಮಿತವಾಗಿ ಉಣ್ಣುವುದು ನನಗೆ ಒಪ್ಪಿಗೆಯೇ ಇತ್ತು. ಒಂದು ಬೆಳಿಗ್ಗೆ ಅವಳನ್ನು ಬಿಡಲು ಹೋದಾಗ ಮಾಸ್ತರರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಬಲಗೈ ನಡುಗುತ್ತಿತ್ತು, ಗಂಟು ಬೀಳಲೇ ಇಲ್ಲ. ತಲೆಯೆತ್ತಿ ನಕ್ಕು ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಅದೇ ಮಾತನ್ನು, ಮೊದಲು ಹೇಳಿಯೇ ಇಲ್ಲವೆಂಬಂತೆ ಮತ್ತೆ ಹೇಳಿದರು. ತಲೆಗೆ ಪೆಟ್ಟು ಬಿದ್ದವರನ್ನು ನೋಡಿಕೊಂಡವಳು ನಾನು. ಇದು ಅದೇ ಎಂದು ಗೊತ್ತಾಯಿತು.

ಅಂದಿನಿಂದ ಮಗಳು ಲೋಟ ಎತ್ತಿದರೆ ಅವಳ ಬೆರಳನ್ನು ನೋಡುತ್ತಿದ್ದೆ. ಮಾತಿನ ನಡುವೆ ಪದಕ್ಕಾಗಿ ತಡವರಿಸಿದರೆ ಕೆಲಸ ಬಿಟ್ಟು ಎದ್ದು ಬರುತ್ತಿದ್ದೆ. ಕೊನೆಗೆ ಅವಳ ಮೊದಲ ಪಂದ್ಯ ನಿಗದಿಯಾಯಿತು. ಕಟ್ಟಲೆಂದು ಅವಳು ತಂದ ಪಟ್ಟಿಯನ್ನು ಹಿಡಿದುಕೊಂಡು ಸೀದಾ ಗೋದಾಮಿಗೆ ಹೋದೆ.

“ಮಾಸ್ತರ್, ಖರೇ ಹೇಳ್ರಿ. ನಿಮ್ಮ ಕೈ ಯಾಕ ಹಿಂಗ ನಡಗತೈತಿ?”

“ಹೊಡತಾ ತಿಂದೇನ್ರಿ ಅಕ್ಕಾರ. ಪದಕ ಎಲ್ಲಾರೂ ನೋಡ್ತಾರ. ಕೈ ನೀವೊಬ್ರ ನೋಡಿದ್ರಿ.”

“ನನ್ನ ಮಗಳಿಗೂ ಹಿಂಗ ಆಗ್ತೈತೇನು?”

ಇಲ್ಲ ಎಂದುಬಿಡುವುದು ಸುಲಭವಿತ್ತು. ಅವರು ಹಾಗೆನ್ನಲಿಲ್ಲ. “ಆಗಬಹುದ್ರಿ. ನಿಲ್ಲಸೋ ಹೊತ್ತಿನ್ಯಾಗ ನಿಲ್ಲಸಲಿಲ್ಲಂದ್ರ ಆಗ್ತೈತಿ. ನನ್ನ ಯಾರೂ ನಿಲ್ಲಸಲಿಲ್ಲ. ಅಕೀನ್ನ ನಾ ನಿಲ್ಲಸ್ತೇನಿ.”

“ನಿಮಗ ಅವತ್ತ ನೆನಪಿರಬೇಕಲ್ರಿ?”

ಸುತ್ತಲಿದ್ದ ಶಿಷ್ಯರು ಗುದ್ದುವುದನ್ನು ನಿಲ್ಲಿಸಿ ನಮ್ಮತ್ತ ತಿರುಗಿದರು. ಮಾಸ್ತರರು ಮಾತ್ರ ಜೋರಾಗಿ ನಕ್ಕರು. “ಇಂಜೆಕ್ಷನ್ ಮಾಡಿ ಮಾಡಿ ನಿಮ್ಮ ಮಾತಿಗೂ ಸೂಜಿ ಬಂದೈತಿ ನೋಡ್ರಿ! ಹಂಗಾದ್ರ ನೀವ ನನ್ನ ಬಾಜೂಕ ಕೂಡ್ರಿ. ನಾ ಮರತ್ರ ರಿಂಗಿನ್ಯಾಗ ಟವೆಲ್ ನೀವ ಒಗೀರಿ.”

ಮೂಲೆಯಲ್ಲಿ ಕೂತವರು ರಿಂಗಿನೊಳಗೆ ಟವೆಲ್ ಎಸೆದರೆ ಪಂದ್ಯ ಅಲ್ಲಿಗೆ ಮುಗಿಯಿತು, ಎದುರಾಳಿ ಗೆದ್ದಂತೆ. ಆ ಒಂದು ಮಾತಿನ ಮೇಲೆ ನಾನು ಪಟ್ಟಿ ಕಟ್ಟಿದೆ.

ಪಂದ್ಯ ಧಾರವಾಡದಲ್ಲಿತ್ತು. ಔಷಧದ ಪೆಟ್ಟಿಗೆ ತೋರಿಸಿ, ತೀರ್ಪುಗಾರರೊಡನೆ ವಾದಿಸಿ, ಮಾಸ್ತರರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಂಕದಲ್ಲಿ ಮಗಳೇ ಮುಂದಿದ್ದಳು. ಎರಡನೆಯ ಸುತ್ತಿನಲ್ಲಿ ಕಪಾಳದ ಮೇಲೊಂದು ಏಟು ಬಿತ್ತು. ಬಿದ್ದಳು, ಎದ್ದಳು, ಆಡುತ್ತೀಯಾ ಎಂದು ರೆಫರಿ ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದಳು. ಆಟ ಮುಂದುವರಿಯಿತು. ಆದರೆ ಅವಳ ಎಡಗಾಲು ಎಳೆಯುತ್ತಿತ್ತು.

“ಮಾಸ್ತರ್...” ಎಂದೆ.

ಅವರು ರಿಂಗನ್ನೇ ನೋಡುತ್ತಿದ್ದರು. ಟವೆಲ್ ಮುಷ್ಟಿಯಲ್ಲಿತ್ತು. ತುಟಿ ಅಲುಗುತ್ತಿತ್ತು. “ಏಳೋ, ಏಳು. ಅಂವಾ ದಣದಾನ. ಇನ್ನೊಂದ ಹೊಡಿ...”

ರಿಂಗಿನಲ್ಲಿದ್ದವರು ಇಬ್ಬರು ಹುಡುಗಿಯರು. ಇವರು ಯಾವ ಕಾಲದ, ಯಾವ ಪಂದ್ಯ ನೋಡುತ್ತಿದ್ದರೋ... ಅಂಥ ಭಯವನ್ನು ನಾನು ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅಲ್ಲಿ ಮಗಳು, ಇಲ್ಲಿ ಮಾಸ್ತರರು, ಇಬ್ಬರಿಗೂ ತಾವು ಎಲ್ಲಿದ್ದೇವೆಂಬ ಎಚ್ಚರವಿರಲಿಲ್ಲ. ಅವರ ಮುಷ್ಟಿಯನ್ನು ಎರಡೂ ಕೈಯಿಂದ ಬಿಡಿಸಿ, ಟವೆಲ್ ಕಿತ್ತುಕೊಂಡು ಎಸೆದೆ.

“ಅವ್ವಾ! ನಾ ಗೆಲ್ಲಾಕತ್ತಿದ್ದೆ! ಯಾಕ ಒಗದಿ?” ಮಗಳು ಹಗ್ಗಕ್ಕೆ ಗುದ್ದಿದಳು. ಹಿಂದಿನಿಂದ ಯಾರೋ, “ಮಾಸ್ತರ್ ಕುಂತಿರೂವಾಗ ಈ ನರ್ಸಬಾಯಿಗೇನ ಕೆಲಸಾ?” ಎಂದು ಗೊಣಗಿದರು.

ಆ ಗದ್ದಲಕ್ಕೆ ಮಾಸ್ತರರಿಗೆ ಎಚ್ಚರವಾಯಿತು. ತಮ್ಮ ಖಾಲಿ ಕೈ ನೋಡಿಕೊಂಡರು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: “ಅವ್ವನ್ನ ಬೈಬ್ಯಾಡವಾ. ನಾ ಒಗೀಬೇಕಿತ್ತು. ನಾ ಇಲ್ಲಿ ಇರಲಿಲ್ಲ.”

ಮಗಳು ಉತ್ತರ ಕೊಡಲು ಬಾಯಿ ತೆರೆದವಳು ವಾಂತಿ ಮಾಡಿಕೊಂಡು ಕುಸಿದಳು.

ತಲೆಯೊಳಗೆ ರಕ್ತಸ್ರಾವವಿಲ್ಲ ಎಂದು ವೈದ್ಯರು ಹೇಳುವವರೆಗೂ ಮಾಸ್ತರರು ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಮರುದಿನವೇ ಗೋದಾಮಿಗೆ ಬೀಗ ಹಾಕಿದರು. ಶಿಷ್ಯರ ತಂದೆತಾಯಿಗಳು ಅವರ ಮನೆಗೆ ಹೋಗಿ, “ಒಂದ ಸಲಾ ಆತು, ಬಿಡ್ರಿ ಮಾಸ್ತರ್” ಎಂದು ಗೋಗರೆದರು. “ಒಂದ ಸಲಾನ ಸಾಕ್ರಿ” ಎಂದರು, ಅಷ್ಟೇ. ಬದುಕಿನಲ್ಲಿ ಅವರಿಗೆ ಇದ್ದದ್ದು ಅದೊಂದೇ ಗೋದಾಮು.

ಆಮೇಲೆ ಪ್ರತಿ ರವಿವಾರ ಅವರನ್ನು ಕಾಣಲು ಹೋಗುತ್ತಿದ್ದೆ. ಮಗಳೂ ಸಿಟ್ಟು ಇಳಿದ ಮೇಲೆ ಬರತೊಡಗಿದಳು. ಅವರು ಕ್ರಮೇಣ ಎಲ್ಲವನ್ನೂ ಮರೆತರು. ಮೊದಲು ಪದಕ, ಆಮೇಲೆ ಶಿಷ್ಯರ ಮುಖ, ಕೊನೆಗೆ ತುತ್ತು ಬಾಯಿಗೆ ಒಯ್ಯುವ ದಾರಿ... ಆದರೆ ನನ್ನನ್ನು ಕಂಡ ಕೂಡಲೆ ಗಾಬರಿಯಿಂದ ಕೇಳುತ್ತಿದ್ದರು, “ಹುಡುಗಿ ಅರಾಮ ಅದಾಳೇನ್ರಿ?” ಅರಾಮ ಅದಾಳ್ರಿ ಎಂದರೆ ಉಸಿರು ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗಾಬರಿ, ಅದೇ ಪ್ರಶ್ನೆ. ಒಂದು ಮಳೆಗಾಲ ಆ ಪ್ರಶ್ನೆಯೂ ನಿಂತಿತು. ಅದೇ ವರ್ಷ ಅವರು ತೀರಿಕೊಂಡರು.

ಮಗಳಿಗೀಗ ಎರಡು ಮಕ್ಕಳು. ಒಮ್ಮೊಮ್ಮೆ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಾಳೆ. ನೌಕರಿ, ಬಿಸಿಲು, ಮಕ್ಕಳ ಗಲಾಟೆ ಎಂದು ಅವಳಲ್ಲಿ ನೂರು ಕಾರಣಗಳಿವೆ. ಡಾಕ್ಟರು ನನ್ನ ವಯಸ್ಸು ನೋಡಿ, ಏನೂ ಆಗೋದಿಲ್ಲ ಅಮ್ಮಾ ಎಂದು ನಗುತ್ತಾರೆ. ಅಳಿಯನೂ ಹಾಗೆಯೇ ಹೇಳುತ್ತಾನೆ. ಎಲ್ಲರೂ ಒಳ್ಳೆಯವರು, ಎಲ್ಲರೂ ಸಮಾಧಾನ ಹೇಳುತ್ತಾರೆ. ಆಗಬಹುದ್ರಿ ಎಂದು ಮುಖ ನೋಡಿ ಹೇಳಿ, ನನ್ನ ಜೊತೆ ಕೂತು ಹೆದರುವವರು ಒಬ್ಬರೇ ಇದ್ದರು.