ತಳ ಕಾಣುವ ನೀರು

ನಾನು ಈಜು ಕಲಿತದ್ದು ಕಮಲಾಪುರದಲ್ಲಿ, ಕಾಕಾನ ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ನಾನು ಬೇಡ ಅನ್ನುವಷ್ಟರಲ್ಲಿ ಕಾಕಾ ನೂಕಿದ್ದ. ನೀರು ಪಾಚಿಗಟ್ಟಿ ಎಷ್ಟು ಹಸಿರಾಗಿತ್ತೆಂದರೆ ನನ್ನ ಮೊಣಕಾಲೇ ನನಗೆ ಕಾಣುತ್ತಿರಲಿಲ್ಲ. ವಾರದಲ್ಲಿ ಮೀನಾದೆ. ಬಾವಿ ದುಂಡಗಿತ್ತು. ಗಾಣದ ಎತ್ತಿನಂತೆ ಸುತ್ತು ಹಾಕುವುದೇ ಈಜು ಅಂದುಕೊಂಡಿದ್ದೆ.

ಈಗ ಕಲಬುರಗಿಯ ಕಪನೂರಿನಲ್ಲಿ, ಬೇಳೆ ಒಡೆಯುವ ಮಷೀನು ಮಾಡುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತೊಗರಿ ಬೆಳೆಯುವ ದೇಶಗಳಿಗೆ ಮಷೀನು ಹೋಗುತ್ತದೆ, ಜೋಡಿಸಲು ಅದರ ಹಿಂದೆ ನಾನೂ ಹೋಗುತ್ತೇನೆ. ಹೋಟೆಲಿಗೆ ಇಳಿದ ಕೂಡಲೇ ಊಟಕ್ಕಿಂತ ಮೊದಲು ಈಜುಕೊಳ ಕೇಳುತ್ತೇನೆ. ದಿನವಿಡೀ ಮೈಗೆ ಮೆತ್ತಿದ ಬೇಳೆಯ ದೂಳು ನೀರಿಗೆ ಬಿದ್ದ ಕ್ಷಣ ಬಿಡುತ್ತದಲ್ಲ, ಅದರ ಸುಖವೇ ಬೇರೆ.

ಮೊದಲ ಸಲ ತಾಂಜಾನಿಯಾ. ಹೊಸ ಈಜುಗನ್ನಡಕ ಹಾಕಿಕೊಂಡು, ಹಗ್ಗ ಕಟ್ಟಿದ ಸಾಲಿನಲ್ಲಿ ನೆಟ್ಟಗೆ ಹೊರಟೆ. ಕೆಳಗೆ ನೀಲಿ ಹಂಚು, ಎಣಿಸಬಹುದಾದಷ್ಟು ಸ್ಪಷ್ಟ. ಅರ್ಧ ದಾರಿಯಲ್ಲಿ ಕೊಳ ಆಳವಾಗಿ, ಆ ಹಂಚು ಜಾರಿ ಎಲ್ಲೋ ಕೆಳಗೆ ಹೋಯಿತು. ಅಲ್ಲಿ, ಪಾತಾಳದಲ್ಲಿ, ನನ್ನದೇ ನೆರಳು ಕೈಕಾಲು ಬಡಿಯುತ್ತಿತ್ತು. ಕೋಟೆಯ ಬುರುಜಿನ ಮೇಲಿಂದ ಕಾಲು ತಪ್ಪಿದಂತಾಯಿತು. ಹಗ್ಗ ತಬ್ಬಿಕೊಂಡು, "ಯವ್ವಾ, ಬಿದ್ದೆ" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ನೀರಿನಲ್ಲಿ ತೇಲುತ್ತಿರುವವನು ಎಲ್ಲಿಗೆ ಬೀಳುತ್ತಾನೆಂದು ಆಗ ಹೊಳೆಯಲಿಲ್ಲ. ಪಕ್ಕದ ಸಾಲಿನಲ್ಲಿ ಈಜುತ್ತಿದ್ದ ಅಜ್ಜಿಯೊಬ್ಬಳು ನನ್ನ ಗದ್ದ ಹಿಡಿದು, ಕರು ಎಳೆದಂತೆ ದಡಕ್ಕೆ ಎಳೆದುಕೊಂಡು ಹೋದಳು. ಉಳಿದ ದಿನಗಳೆಲ್ಲ ಎದೆಮಟ್ಟದ ನೀರಿನಲ್ಲಿ ಗಾಣದೆತ್ತಾದೆ.

ಮುಂದಿನ ಸಲ ಮಲಾವಿ. ಆಳ ದಾಟಲೇಬೇಕೆಂದು ಹಟ ಹಿಡಿದು, ಕಣ್ಣು ಮುಚ್ಚಿ ಈಜಿದೆ. ಅಲ್ಲಿ ಹಗ್ಗ ಇರಲಿಲ್ಲ. ಕೈಗೆ ಗೋಡೆ ಸಿಕ್ಕಿತು. ಗೆದ್ದೆನೆಂದು ಎರಡೂ ಕೈ ಎತ್ತಿ ಕಣ್ಣು ಬಿಟ್ಟರೆ, ಎದುರಿಗೆ ನನ್ನದೇ ಟವೆಲು. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿದ್ದೆ.

ಆ ಸಂಜೆ ಕಾಕಾಗೆ ಫೋನು ಹಚ್ಚಿದೆ.

"ಕಾಕಾ, ನಂಗ ಈಸಾಕ ಬರ್ತದೋ ಇಲ್ಲೋ ಖರೇ ಹೇಳು."

"ಯಾಕಲೇ, ಮುಳುಗಿದೇನು?"

"ತಳ ಕಾಣ್ತದ. ಎರಡಾಳು ನೀರು. ನೋಡಿದ್ರ ಜೀವ ಹೋಗ್ತದ."

"ನಮ್ಮ ಬಾವ್ಯಾಗ ಐದಾಳು ಇತ್ತು."

ಇಷ್ಟು ವರ್ಷ ತಡವಾಗಿ ಆ ಬಾವಿಗೆ ಹೆದರಿದೆ.

"ಆವಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಇಳೀತಿದ್ದೇನು, ಹೇತಲಾಂಡಿ? ಕೆಳಗ ಯಾಕ ನೋಡ್ತಿ, ಅಲ್ಲೇನ್ ತೊಗರಿ ಚೆಲ್ಯಾವೇನು? ಅಂಗಾತ ಮಲಗಿ ಮ್ಯಾಲ ನೋಡ್ಕೋತ ಹೋಗು."

ಮರುದಿನ ಬೆಳಿಗ್ಗೆ ಅಂಗಾತ ಹೊರಟೆ. ಕೊಳದ ಮೇಲೆ ಈ ತುದಿಯಿಂದ ಆ ತುದಿಗೆ ದೀಪದ ಸರ ಕಟ್ಟಿದ್ದರು; ಅದೇ ನನ್ನ ದಾರಿ. ತಳ ಇಳಿದ ಜಾಗ ಕಣ್ಣಿಗೆ ಕಾಣದಿದ್ದರೂ ಬೆನ್ನಿಗೆ ಗೊತ್ತಾಯಿತು, ನೀರು ತಣ್ಣಗಾಗಿತ್ತು. ದೀಪ ಎಣಿಸಿದೆ, ಹಲ್ಲು ಕಚ್ಚಿದೆ, ಮನೆದೇವರಿಗೆ ಐದು ತೆಂಗಿನಕಾಯಿ ಹೇಳಿಕೊಂಡೆ. ತಲೆ ಟಣ್ಣೆಂದು ಗೋಡೆಗೆ ಬಡಿಯಿತು. ಅಷ್ಟು ಸವಿಯಾದ ಪೆಟ್ಟು ನಾನು ತಿಂದಿಲ್ಲ.

ಟವೆಲು ಆಚೆ ದಡದಲ್ಲಿತ್ತು. ದಂಡೆಯ ಮೇಲೆ ನಡೆದೇ ಹೋಗಬಹುದಿತ್ತು. ಎದೆ ಬೇಳೆ ಮಷೀನಿನಂತೆ ಬಡಿಯುತ್ತಿತ್ತು. ಕನ್ನಡಕ ಸರಿಮಾಡಿಕೊಂಡು ಬೋರಲಾಗಿ ಹೊರಟೆ, ಒಂದೇ ಕಣ್ಣು ತೆರೆದು. ತಳದಲ್ಲಿ ಆ ನೆರಳು ನನಗಿಂತ ಜೋರಾಗಿ ಕೈಕಾಲು ಬಡಿಯುತ್ತಿತ್ತು.